ಟೆಸ್ಟ್ ಸ್ಕ್ರಿಪ್ಟುಗಳನ್ನು ಆಟೋಮೇಕ್‌ನಿಂದ ಮೆಸಾನ್‌ಗೆ ಸಾಗಿಸುವುದು: ಹಸಿರು ಕಂಡರೆ ಮೊದಲು ಅನುಮಾನಪಡಿ

ಚಿಕ್ಕಮಗಳೂರಿನಲ್ಲಿ ಪ್ರೋಗ್ರಾಂ ಬರೆಯುವುದಕ್ಕೂ ಕಾಲ ನೋಡಬೇಕು. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ, ರೊಬಸ್ಟಾ ಮುಗಿದು ಮಾರ್ಚ್ ದಾಟುವ ತನಕ ನಮ್ಮ ಕೋಡಿನ ಒಂದು ಸಾಲನ್ನೂ ಮುಟ್ಟುವ ಹಾಗಿಲ್ಲ. ಕಾಫಿ ಖರೀದಿಸುವವರ ಅಂಗಡಿಯಲ್ಲಿ ತೂಕ, ತೇವಾಂಶ, ಓಟಿ (ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆಂಬ ಲೆಕ್ಕ) ಹಾಕಿ ಬೆಳೆಗಾರರಿಗೆ ಚೀಟಿ ಕೊಡುವ ಪ್ರೋಗ್ರಾಂ ನಮ್ಮದು. ಆ ತಿಂಗಳುಗಳಲ್ಲಿ ಅದು ಅರ್ಧ ದಿನ ನಿಂತರೂ ಫೋನ್ ಎತ್ತುವುದಕ್ಕೆ ಮುಖ ಇರುವುದಿಲ್ಲ. ಹಾಗಾಗಿ ಅಡಿಪಾಯ ಅಗೆಯುವಂಥ ಕೆಲಸವೆಲ್ಲ ಮಳೆಗಾಲಕ್ಕೆ. ಹೊರಗೆ ಜಡಿಮಳೆ, ಒಳಗೆ ಗಂಟೆಗೊಮ್ಮೆ ಯುಪಿಎಸ್ ಕೂಗು. ಆದರೆ ಗಿರಾಕಿಗಳ ಕಾಟ ಇಲ್ಲ.

ಅಂಥದೊಂದು ಮಳೆಗಾಲದಲ್ಲಿ ಸಿ ಭಾಷೆಯಲ್ಲಿರುವ ಈ ಪ್ರೋಗ್ರಾಮನ್ನು ಆಟೋಮೇಕ್‌ನಿಂದ ಮೆಸಾನ್‌ಗೆ ಸಾಗಿಸಿದೆವು. ಎರಡೂ ಸೋರ್ಸ್ ಕೋಡಿನಿಂದ ಪ್ರೋಗ್ರಾಂ ಕಟ್ಟುವ, ಅಂದರೆ ಬಿಲ್ಡ್ ಮಾಡುವ, ಅದರ ಟೆಸ್ಟುಗಳನ್ನು ಓಡಿಸುವ ವ್ಯವಸ್ಥೆಗಳು; ಟೆಸ್ಟ್ ಪಾಸಾದರೆ ಹಸಿರು, ಸೋತರೆ ಕೆಂಪು. ಪ್ರೋಗ್ರಾಂ ನಾಲ್ಕು ದಿನದಲ್ಲಿ ಹೊಸ ವ್ಯವಸ್ಥೆಯಲ್ಲಿ ಬಿಲ್ಡ್ ಆಯಿತು. ಅದರ ಟೆಸ್ಟ್ ಸ್ಕ್ರಿಪ್ಟುಗಳಿಗೆ ಮೂರು ವಾರ ಹಿಡಿಯಿತು. ಈ ಲೇಖನ ಆ ಮೂರು ವಾರದ್ದು.

ಮೆಸಾನ್ ಯಾಕೆ ಎಂಬ ವಾದಕ್ಕೆ ಹೆಚ್ಚು ಹೊತ್ತು ಕೂರುವುದಿಲ್ಲ. ಲಿನಕ್ಸ್ ಯಂತ್ರವನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿ 2017ರಲ್ಲಿ ಅತ್ತ ಹೋಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್ 2023ರ 16ನೇ ಆವೃತ್ತಿಯಲ್ಲಿ ಸೇರಿಸಿಕೊಂಡಿತು, ಕೋಡಿನ ಚರಿತ್ರೆ ಕಾಯುವ ಗಿಟ್ 2025ರ ಜನವರಿಯಲ್ಲಿ ಬಂದ 2.48ರಲ್ಲಿ. ಪೋಸ್ಟ್‌ಗ್ರೆಸ್ ಮತ್ತು ಗಿಟ್ ಎರಡೂ ಹಳೆಯದನ್ನು ತಕ್ಷಣ ಕಿತ್ತುಹಾಕದೆ ಪಕ್ಕದಲ್ಲೇ ಉಳಿಸಿಕೊಂಡವು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ನಮ್ಮ ಕಾರಣ ಅಷ್ಟು ದೊಡ್ಡದಲ್ಲ. ಕಾಲೇಜು ಮುಗಿಸಿ ಬರುವ ಹುಡುಗರಿಗೆ ಹಳೆ ವ್ಯವಸ್ಥೆ ಬೇಡುವ ಎಂ4 ಮ್ಯಾಕ್ರೋ ಭಾಷೆ ಕಲಿಸಿ ಕಲಿಸಿ ನನಗೆ ಸಾಕಾಗಿತ್ತು.

ಕಮಾಂಡು, ಫೈಲುಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಈ ಕೆಲಸದಲ್ಲಿರುವವರಿಗೆ ಗುರುತು ಸಿಗುತ್ತದೆ.

ಹಂತ 1: ಹಳೆಯದರ ಲೆಕ್ಕ ಬರೆದಿಟ್ಟುಕೊಳ್ಳಿ

ಹೊಸ ಫೈಲ್ ತೆರೆಯುವ ಮೊದಲು ಹಳೆ ವ್ಯವಸ್ಥೆಯಲ್ಲಿ ಎಲ್ಲ ಟೆಸ್ಟುಗಳನ್ನು ನಡೆಸುವ ಮೇಕ್ ಚೆಕ್ ಕಮಾಂಡು ಓಡಿಸಿ. ಕೊನೆಯಲ್ಲಿ ಬರುವ ಒಟ್ಟು ಸಂಖ್ಯೆ ಸಾಲದು. ಪ್ರತಿ ಟೆಸ್ಟಿಗೂ ಒಂದು ಲಾಗ್ ಫೈಲು, ಅದರ ಜೊತೆಗೆ ಟಿಆರ್‌ಎಸ್ ಎಂಬ ಚಿಕ್ಕ ಫೈಲು ಹುಟ್ಟುತ್ತದೆ. ಟೆಸ್ಟ್ ಪಾಸಾಯಿತೋ, ಫೇಲಾಯಿತೋ, ಸ್ಕಿಪ್ ಆಯಿತೋ ಎಂಬುದು ಟಿಆರ್‌ಎಸ್‌ನಲ್ಲಿ ಒಂದು ಸಾಲಾಗಿ ಇರುತ್ತದೆ. ಆ ಸಾಲುಗಳನ್ನೆಲ್ಲ ಟೆಸ್ಟಿನ ಹೆಸರಿನೊಂದಿಗೆ ಒಟ್ಟುಮಾಡಿ, ಹೆಸರಿನ ಕ್ರಮದಲ್ಲಿ ಜೋಡಿಸಿ, ಒಂದು ಫೈಲಿನಲ್ಲಿಟ್ಟು ಕಮಿಟ್ ಮಾಡಿ, ಅಂದರೆ ಕೋಡಿನ ಚರಿತ್ರೆಯಲ್ಲಿ ದಾಖಲಿಸಿ. ಮುಂದಿನ ಎಲ್ಲ ಹೋಲಿಕೆಗೂ ಇದೇ ಮೂಲ.

ಆಮೇಲೆ ಟೆಸ್ಟ್ ಫೋಲ್ಡರಿನಲ್ಲಿರುವ ಸ್ಕ್ರಿಪ್ಟುಗಳನ್ನೂ ಮೇಕ್‌ಫೈಲ್‌ನ (ಹಳೆ ವ್ಯವಸ್ಥೆಗೆ ಸೂಚನೆ ಬರೆದಿಡುವ ಫೈಲು) ಟೆಸ್ಟ್ಸ್ ಪಟ್ಟಿಯಲ್ಲಿರುವ ಹೆಸರುಗಳನ್ನೂ ತಾಳೆ ನೋಡಿ. ನಮ್ಮಲ್ಲಿ ಫೋಲ್ಡರಿನಲ್ಲಿ 46 ಇದ್ದವು, ಪಟ್ಟಿಯಲ್ಲಿ 43. ಉಳಿದ ಮೂರು ಯಾವತ್ತೋ ಯಾರೋ 'ಇವತ್ತಿಗೆ ಬೇಡ' ಅಂತ ಪಟ್ಟಿಯಿಂದ ತೆಗೆದವು. ಮತ್ತೆ ಸೇರಿಸುವ ಇವತ್ತು ಬಂದೇ ಇಲ್ಲ. ಅವುಗಳನ್ನು ಈಗ ಸರಿಮಾಡಲು ಹೋಗಬೇಡಿ. ಬರೆದಿಟ್ಟುಕೊಂಡು ಮುಂದೆ ಹೋಗಿ. ಸಾಗಣೆ ಮತ್ತು ರಿಪೇರಿ ಒಂದೇ ಕಮಿಟ್‌ನಲ್ಲಿ ಬೆರೆತರೆ, ಆಮೇಲೆ ಯಾವುದು ಯಾವುದರಿಂದ ಕೆಟ್ಟಿತು ಅಂತ ಹೇಳಲು ಬ್ರಹ್ಮನಿಗೂ ಆಗುವುದಿಲ್ಲ.

ಹಳೆ ವ್ಯವಸ್ಥೆಯಲ್ಲೇ ಹತ್ತು ಸಲ ಓಡಿಸಿ, ಒಮ್ಮೆ ಪಾಸು ಒಮ್ಮೆ ಫೇಲು ಎನ್ನುವ ಟೆಸ್ಟುಗಳಿಗೂ ಗುರುತು ಹಾಕಿ. ಇಲ್ಲದಿದ್ದರೆ ನಾಳೆ ಅವುಗಳ ಪಾಪವೂ ಮೆಸಾನ್ ತಲೆಗೆ ಬರುತ್ತದೆ.

ಹಂತ 2: ಹಳೆ ಮನೆಯಲ್ಲಿರುವಾಗಲೇ ಸ್ಕ್ರಿಪ್ಟುಗಳನ್ನು ಬದಲಾಯಿಸಿ

ಸ್ಕ್ರಿಪ್ಟಿನಲ್ಲಿ ಮಾಡಲೇಬೇಕಾದ ಬದಲಾವಣೆಗಳಲ್ಲಿ ಹೆಚ್ಚಿನವನ್ನು ಆಟೋಮೇಕ್ ಅಡಿಯಲ್ಲೇ ಮಾಡಿ ಮುಗಿಸಬಹುದು. ಇದೇ ಸರಿಯಾದ ಕ್ರಮ ಎಂಬುದು ನನ್ನ ಅಭಿಪ್ರಾಯ. ಹಳೆಯದರಲ್ಲಿ ಪಾಸಾಗುತ್ತಿದ್ದ ಟೆಸ್ಟ್ ನಿಮ್ಮ ಬದಲಾವಣೆಯ ನಂತರ ಫೇಲಾದರೆ ತಪ್ಪು ನಿಮ್ಮದೇ ಅಂತ ಆ ಕ್ಷಣವೇ ಗೊತ್ತಾಗುತ್ತದೆ.

ಮುಖ್ಯವಾಗಿ ಮೂರು ವಿಷಯ. ಪ್ರೋಗ್ರಾಂ ಎಲ್ಲಿದೆ, ಮಾದರಿ ಡೇಟಾ ಎಲ್ಲಿದೆ ಎಂಬುದನ್ನು ಸ್ಕ್ರಿಪ್ಟ್ ಊಹಿಸಬಾರದು; ಎರಡನ್ನೂ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ (ಓಡಿಸುವವರು ಹೊರಗಿನಿಂದ ಹೆಸರಿಟ್ಟು ಕೊಡುವ ಮಾಹಿತಿ) ಓದಲಿ, ಅದು ಖಾಲಿಯಿದ್ದರೆ ಅಲ್ಲೇ ನಿಂತು ಕೂಗಲಿ. ಬರೆಯುವ ಫೈಲುಗಳೆಲ್ಲ ಎಂಕೆಟೆಂಪ್‌ನಿಂದ ಹುಟ್ಟಿಸಿದ ತಾತ್ಕಾಲಿಕ ಫೋಲ್ಡರಿಗೆ ಹೋಗಲಿ, ಮುಗಿದ ಮೇಲೆ ಅಳಿಯಲಿ. ಸೋರ್ಸ್ ಫೋಲ್ಡರಿನೊಳಗೆ ಏನನ್ನೂ ಬರೆಯಬಾರದು. ಮೆಸಾನ್‌ನಲ್ಲಿ ಬಿಲ್ಡ್ ಫೋಲ್ಡರ್ ಯಾವಾಗಲೂ ಬೇರೆಯೇ. ಸೋರ್ಸ್ ಜಾಗದಲ್ಲೇ ಬಿಲ್ಡ್ ಮಾಡಲು ಅದು ಬಿಡುವುದಿಲ್ಲ.

ಮೂರನೆಯದನ್ನು ಹಿಡಿಯಲು ಆಟೋಮೇಕ್‌ನಲ್ಲೇ ಒಂದು ಒಳ್ಳೆಯ ಬಲೆ ಇದೆ: ಮೇಕ್ ಡಿಸ್ಟ್‌ಚೆಕ್. ಅದು ಪ್ಯಾಕೇಜು ಕಟ್ಟಿ, ಬಿಚ್ಚಿ, ಸೋರ್ಸ್ ಭಾಗವನ್ನು ಓದಲು ಮಾತ್ರ ಬಿಟ್ಟು, ಬೇರೆ ಫೋಲ್ಡರಿನಲ್ಲಿ ಬಿಲ್ಡ್ ಮಾಡಿ ಟೆಸ್ಟ್ ಓಡಿಸುತ್ತದೆ. ಕದ್ದು ಬರೆಯುವ ಸ್ಕ್ರಿಪ್ಟುಗಳೆಲ್ಲ ಸಾಲಾಗಿ ಸಿಕ್ಕಿಬೀಳುತ್ತವೆ. ನಾವು ಅದನ್ನು ವರ್ಷಗಟ್ಟಲೆ ಓಡಿಸಿರಲಿಲ್ಲ. ಮೊದಲ ಸಲ ಓಡಿಸಿದಾಗ ಬಂದ ಕೆಂಪು ನೋಡಿ, ಹಣ್ಣಾದ ಕಾಫಿ ಗಿಡ ನೆನಪಾಯಿತು.

ಹಂತ 3: ಹಳೆ ವ್ಯವಸ್ಥೆ ಸದ್ದಿಲ್ಲದೆ ಕೊಡುತ್ತಿದ್ದದ್ದನ್ನು ಪತ್ತೆಹಚ್ಚಿ

ಇದು ಇಡೀ ಕೆಲಸದ ಹೊಟ್ಟೆ. ಟೆಸ್ಟ್ ಸ್ಕ್ರಿಪ್ಟ್ ತನ್ನಷ್ಟಕ್ಕೆ ಓಡುವುದಿಲ್ಲ. ಅದನ್ನು ಓಡಿಸುವವರು ಒಂದಷ್ಟು ಅನ್ನ ನೀರು ಕೊಟ್ಟಿರುತ್ತಾರೆ. ಸೋರ್ಸ್ ಫೋಲ್ಡರ್ ಎಲ್ಲಿದೆ ಎಂದು ಹೇಳುವ ಎಸ್‌ಆರ್‌ಸಿಡಿರ್ ಎಂಬ ವೇರಿಯಬಲ್ಲನ್ನು ಆಟೋಮೇಕ್ ಕೊಡುತ್ತದೆ, ಮೆಸಾನ್ ಕೊಡುವುದಿಲ್ಲ. ಆಟೋಮೇಕ್‌ನಲ್ಲಿ ಸ್ಕ್ರಿಪ್ಟ್ ಓಡುವುದು ಆಯಾ ಮೇಕ್‌ಫೈಲ್ ಇರುವ ಬಿಲ್ಡ್ ಉಪಫೋಲ್ಡರಿನಲ್ಲಿ. ಮೆಸಾನ್‌ನಲ್ಲಿ ವರ್ಕ್‌ಡಿರ್ (ಓಡಬೇಕಾದ ಫೋಲ್ಡರ್) ಹೇಳದಿದ್ದರೆ ಬಿಲ್ಡ್ ಫೋಲ್ಡರಿನ ತಲೆಯಲ್ಲಿ. ಇದರ ಮೇಲೆ ಹಿಂದಿನವರು ಮೇಕ್‌ಫೈಲಿನಲ್ಲಿ ಟೆಸ್ಟ್ಸ್ ಎನ್ವಿರಾನ್‌ಮೆಂಟ್ ಎಂಬ ಸಾಲಿನಲ್ಲಿ ಏನೇನು ತುರುಕಿದ್ದಾರೋ ಅದೂ ಸೇರುತ್ತದೆ.

ಕಣ್ಣಿನಲ್ಲಿ ಓದಿ ಪತ್ತೆ ಮಾಡಲು ಹೋಗಬೇಡಿ. ಮೂರು ಸಾಲಿನ ಒಂದು ಬೇಹುಗಾರ ಟೆಸ್ಟ್ ಬರೆಯಿರಿ: ಈಗಿನ ಫೋಲ್ಡರ್ ಯಾವುದು, ಎಲ್ಲ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಯಾವುವು, ತನ್ನನ್ನು ಓಡಿಸುತ್ತಿರುವ ಶೆಲ್ (ಸ್ಕ್ರಿಪ್ಟನ್ನು ಓದಿ ನಡೆಸುವ ಪ್ರೋಗ್ರಾಂ) ಯಾವುದು, ಇಷ್ಟನ್ನು ಮುದ್ರಿಸಿ ಹೊರಬರಲಿ. ಅದನ್ನು ಎರಡೂ ವ್ಯವಸ್ಥೆಯಲ್ಲಿ ಓಡಿಸಿ ಡಿಫ್, ಅಂದರೆ ವ್ಯತ್ಯಾಸಗಳ ಪಟ್ಟಿ, ತೆಗೆಯಿರಿ. ಆ ಡಿಫ್‌ನ ಪ್ರತಿ ಸಾಲಿಗೂ ನಿಮ್ಮ ಹತ್ತಿರ ಉತ್ತರ ಇರಬೇಕು: ಇದು ಬೇಕು, ಇದು ಬೇಡ.

ನಮಗೆ ಸಿಕ್ಕಿದ ಒಂದು ಸಾಲು ಲೊಕೇಲ್‌ನದು, ಅಂದರೆ ಯಾವ ದೇಶ, ಭಾಷೆಯ ರೂಢಿಯಂತೆ ಅಂಕಿ, ಅಕ್ಷರ ತೋರಿಸಬೇಕು ಎಂಬ ಆಯ್ಕೆಯದು. ಓಟಿ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊರಗಿನವರಿಗಾಗಿ ಹೇಳುವುದಾದರೆ, 50 ಕೆ.ಜಿ. ಚೆರ್ರಿ ಮೂಟೆಯಿಂದ ಸಿಪ್ಪೆ ಹೋಗಿ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬ ಲೆಕ್ಕ. ಓಟಿ 26.5, ಪಾಯಿಂಟಿಗೆ 400 ರೂಪಾಯಿ ಎಂದುಕೊಳ್ಳಿ. ಮೂಟೆಗೆ 10,600, ಅಂಥ 12 ಮೂಟೆಗೆ 1,27,200. ಚೀಟಿಯಲ್ಲಿ ಅಲ್ಪವಿರಾಮ ಹೀಗೇ ಬೀಳಬೇಕು, ಯಾಕೆಂದರೆ ಓದುವವರು ಲಕ್ಷದಲ್ಲಿ ಓದುತ್ತಾರೆ. ಈ ಅಲ್ಪವಿರಾಮ ಹಾಕುವುದು ನಮ್ಮ ಕೋಡಲ್ಲ, ಸಿ ಲೈಬ್ರರಿ. ಲೊಕೇಲ್ ಇಂಡಿಯಾದ್ದಾಗಿದ್ದರೆ 1,27,200, ಅಮೆರಿಕದ್ದಾದರೆ 127,200, ಬರೀ ಸಿ ಆಗಿದ್ದರೆ 127200. ಹಳೆ ಮೇಕ್‌ಫೈಲಿನಲ್ಲಿ ಯಾರೋ ಪುಣ್ಯಾತ್ಮರು ಲೊಕೇಲ್ ಹೇಳುವ ವೇರಿಯಬಲ್ ಎಲ್‌ಸಿ_ಆಲ್ ಅನ್ನು ಇಂಡಿಯಾಕ್ಕೆ ಕಟ್ಟಿಹಾಕಿದ್ದರು. ಮೆಸಾನ್‌ಗೆ ಬರುವಾಗ ಆ ಸಾಲು ಬಿಟ್ಟುಹೋಯಿತು. ನನ್ನ ಲ್ಯಾಪ್‌ಟಾಪ್ ಹೇಗೂ ಇಂಡಿಯಾ ಲೊಕೇಲ್‌ನಲ್ಲಿತ್ತು, ಟೆಸ್ಟ್ ಪಾಸ್. ಟೆಸ್ಟ್ ಓಡಿಸುವ ಕಂಟೇನರಿನಲ್ಲಿ ಆ ಲೊಕೇಲ್ ಇನ್‌ಸ್ಟಾಲೇ ಆಗಿರಲಿಲ್ಲ, ಅಲ್ಲಿ ಫೇಲ್.

ಇದಕ್ಕೆ ಮದ್ದು ಎರಡು ಪಾಲು. ಮೆಸಾನ್‌ನಲ್ಲಿ ಒಂದು ಎನ್ವಿರಾನ್‌ಮೆಂಟ್ ಆಬ್ಜೆಕ್ಟ್ ಮಾಡಿ, ಡೇಟಾ ದಾರಿ, ಪ್ರೋಗ್ರಾಂ ದಾರಿ, ಎಲ್‌ಸಿ_ಆಲ್ ಮೂರನ್ನೂ ಅದಕ್ಕೆ ತುಂಬಿ, ಎಲ್ಲ ಟೆಸ್ಟಿಗೂ ಅದನ್ನೇ ಕೊಡಿ. ಎರಡನೆಯದು, ಆ ಲೊಕೇಲ್ ಯಂತ್ರದಲ್ಲಿ ಇದೆಯೇ ಎಂದು ಸ್ಕ್ರಿಪ್ಟೇ ನೋಡಲಿ. ಇಲ್ಲದ ಲೊಕೇಲ್ ಕೇಳಿದರೆ ಪ್ರೋಗ್ರಾಂ ಗಲಾಟೆ ಮಾಡುವುದಿಲ್ಲ, ಸುಮ್ಮನೆ ಸಿ ಲೊಕೇಲ್‌ಗೆ ಇಳಿದುಬಿಡುತ್ತದೆ. ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸುವ ಟೆಸ್ಟುಗಳಿಗೂ ಇದೇ ಮಾತು.

ಹಂತ 4: ಮೆಸಾನ್‌ನಲ್ಲಿ ಪಟ್ಟಿ ಬರೆಯಿರಿ

ಇದು ಹೆದರಿದಷ್ಟು ಕಷ್ಟವಲ್ಲ. ಟೆಸ್ಟ್ ಫೋಲ್ಡರಿನ ಮೆಸಾನ್.ಬಿಲ್ಡ್ ಫೈಲಿನಲ್ಲಿ ಹೆಸರುಗಳದೊಂದು ಪಟ್ಟಿ, ಅದರ ಮೇಲೆ ಫೋರ್‌ಈಚ್, ಒಳಗೆ ಟೆಸ್ಟ್ ಕರೆ. ಹಳೆ ಹೆಸರುಗಳನ್ನು ಅಕ್ಷರ ಬದಲಿಸದೆ ಇಡಿ. ಹಂತ 1ರ ಪಟ್ಟಿಯೊಂದಿಗೆ ಹೋಲಿಸಬೇಕಲ್ಲ.

ಎಡವುವುದು ಅವಲಂಬನೆಯಲ್ಲಿ. ಪ್ರೋಗ್ರಾಮನ್ನು ಟೆಸ್ಟಿನ ಆರ್ಗ್ಯುಮೆಂಟ್ ಆಗಿ ಕೊಟ್ಟರೆ, ಟೆಸ್ಟಿಗೆ ಮೊದಲು ಅದನ್ನು ಬಿಲ್ಡ್ ಮಾಡಬೇಕು ಎಂಬುದು ಮೆಸಾನ್‌ಗೆ ಗೊತ್ತಾಗುತ್ತದೆ. ಬರೀ ದಾರಿಯನ್ನು ಎನ್ವಿರಾನ್‌ಮೆಂಟಿನಲ್ಲಿ ಅಕ್ಷರಗಳಾಗಿ ಕೊಟ್ಟರೆ ಗೊತ್ತಾಗುವುದಿಲ್ಲ. ಆಗ ಡಿಪೆಂಡ್ಸ್ ಎಂಬಲ್ಲಿ ಆ ಟಾರ್ಗೆಟ್ ಹೆಸರು ಹಾಕಲೇಬೇಕು. ಹಾಕದಿದ್ದರೆ ನಿನ್ನೆ ಬಿಲ್ಡ್ ಆದ ಹಳಸಲು ಪ್ರೋಗ್ರಾಮಿನ ಮೇಲೆ ಇವತ್ತಿನ ಟೆಸ್ಟ್ ಓಡಿ ಪಾಸಾಗುವ ಅಪಾಯ ಇದೆ.

ಸ್ಕ್ರಿಪ್ಟ್ ಮುಗಿಯುವಾಗ ಕೊಡುವ ಅಂಕಿಗಳ, ಅಂದರೆ ಎಕ್ಸಿಟ್ ಕೋಡ್‌ಗಳ ಮಟ್ಟಿಗೆ ಅದೃಷ್ಟ ನಮ್ಮ ಕಡೆ. 0 ಪಾಸು, 77 ಸ್ಕಿಪ್ಪು, 99 ಗಟ್ಟಿ ದೋಷ ಎಂಬ ಗ್ನೂ ರೂಢಿಯನ್ನು ಮೆಸಾನ್ ಕೂಡ ಒಪ್ಪುತ್ತದೆ. ಮೇಲಿನ ಲೊಕೇಲ್ ಇಲ್ಲದ ಸಂದರ್ಭಕ್ಕೆ 77 ಕೊಡಬೇಕೋ 99 ಕೊಡಬೇಕೋ ಎಂದು ನಮ್ಮಲ್ಲಿ ಜಗಳವಾಯಿತು. ನಾನು 99ರ ಕಡೆ. ಸ್ಕಿಪ್ ಆದ ಟೆಸ್ಟನ್ನು ಯಾರೂ ತಿರುಗಿ ನೋಡುವುದಿಲ್ಲ. ಹಳೆಯದರಲ್ಲಿ ಎಕ್ಸ್‌ಫೇಲ್ ಪಟ್ಟಿಯಲ್ಲಿದ್ದವಕ್ಕೆ (ಸೋಲುತ್ತವೆ ಎಂದೇ ನಿರೀಕ್ಷಿಸಿದವು) ಶುಡ್ ಫೇಲ್ ಹಾಕಿ. ಸ್ಕ್ರಿಪ್ಟ್ ಟ್ಯಾಪ್ ಮಾದರಿಯಲ್ಲಿ ಸಾಲು ಸಾಲು ಓಕೆ, ನಾಟ್ ಓಕೆ ಮುದ್ರಿಸುವಂಥದ್ದಾದರೆ ಪ್ರೋಟೋಕಾಲ್ ಟ್ಯಾಪ್ ಎಂದು ಹೇಳಲು ಮರೆಯಬೇಡಿ. ಮರೆತರೆ ಮೆಸಾನ್ ಎಕ್ಸಿಟ್ ಕೋಡ್ ಮಾತ್ರ ನೋಡುತ್ತದೆ. ಒಳಗೆ ನಾಟ್ ಓಕೆ ಅಂತ ಎಷ್ಟು ಬರೆದಿದ್ದರೂ ಕೊನೆಗೆ 0 ಬಂದರೆ ಪಾಸೇ.

ಹಂತ 5: ಪ್ರೋಗ್ರಾಮನ್ನೇ ತೆಗೆದು ನೋಡಿ

ಎರಡನೇ ವಾರದ ಒಂದು ಸಂಜೆ ನಮ್ಮ ಜೊತೆಯ ಹುಡುಗಿ ಕೂಗಿದಳು: "ಅಣ್ಣಾ, ನಲವತ್ಮೂರೂ ಹಸಿರು! ಇನ್ನೇನು, ಕಾಫಿಗೆ ಹೋಗೋಣ ಬನ್ನಿ."

ಕಾಫಿಗೆ ಹೋದೆವು. ವಾಪಸ್ ಬಂದು ಸುಮ್ಮನಿರಲಾರದೆ, ಪ್ರೋಗ್ರಾಂ ದಾರಿಯ ವೇರಿಯಬಲ್‌ನಲ್ಲಿ ನಮ್ಮ ಪ್ರೋಗ್ರಾಮಿನ ಬದಲು ಟ್ರೂ ಎಂಬ ಲಿನಕ್ಸ್ ಕಮಾಂಡನ್ನು ಇಟ್ಟೆ. ಅದು ಏನನ್ನೂ ಮಾಡುವುದಿಲ್ಲ, ಏನನ್ನೂ ಮುದ್ರಿಸುವುದಿಲ್ಲ, ಯಾವಾಗಲೂ 0 ಕೊಟ್ಟು ಹೊರಡುತ್ತದೆ. ಪ್ರೋಗ್ರಾಮೇ ಇಲ್ಲದ ಮೇಲೆ ಎಲ್ಲ ಟೆಸ್ಟೂ ಕೆಂಪಾಗಬೇಕು. 37 ಆದವು. ಆರು ಹಸಿರಾಗಿಯೇ ನಿಂತಿದ್ದವು.

ಅದರಲ್ಲಿ ನಾಲ್ಕರ ಕಾರಣ ಒಂದೇ, ಅದನ್ನು ಬಿಡಿಸಿ ಹೇಳುತ್ತೇನೆ. ಸ್ಕ್ರಿಪ್ಟಿನಲ್ಲಿ ಹೀಗಿತ್ತು: ಮೊತ್ತ ನಿರೀಕ್ಷಿಸಿದ್ದಕ್ಕೆ ಸಮ ಇಲ್ಲದಿದ್ದರೆ 'ತಪ್ಪು' ಎಂದು ಮುದ್ರಿಸಿ 1 ಕೊಟ್ಟು ಹೊರಬಾ. ಷರತ್ತನ್ನು [[ ಮತ್ತು ]] ನಡುವೆ ಬರೆದಿದ್ದರು. ಅದು ಬ್ಯಾಷ್ ಎಂಬ ಶೆಲ್‌ನ ಭಾಷೆ. ಸ್ಕ್ರಿಪ್ಟಿನ ಮೊದಲ ಸಾಲು ಮಾತ್ರ ಬರೀ ಎಸ್‌ಎಚ್ ಎಂದು ಹೇಳುತ್ತಿತ್ತು. ಆಟೋಮೇಕ್‌ನಲ್ಲಿ ಇದು ಮುಚ್ಚಿಹೋಗಿತ್ತು, ಯಾಕೆಂದರೆ ಡಾಟ್ ಎಸ್‌ಎಚ್ ಫೈಲುಗಳನ್ನೆಲ್ಲ ಬ್ಯಾಷ್‌ನಲ್ಲೇ ಓಡಿಸು ಎಂಬ ಸಾಲು ಮೇಕ್‌ಫೈಲಿನಲ್ಲಿತ್ತು. ಮೆಸಾನ್ ಸ್ಕ್ರಿಪ್ಟಿನ ಮೊದಲ ಸಾಲನ್ನು ನಂಬಿತು. ಉಬುಂಟುವಿನಲ್ಲಿ 2006ರಿಂದಲೂ ಎಸ್‌ಎಚ್ ಎಂದರೆ ಡ್ಯಾಷ್ ಎಂಬ ಇನ್ನೊಂದು ಶೆಲ್. ಡ್ಯಾಷ್‌ಗೆ [[ ಗೊತ್ತಿಲ್ಲ. ಅಂಥ ಕಮಾಂಡ್ ಇಲ್ಲ ಅಂತ ಗೊಣಗಿ 127 ಕೊಟ್ಟಿತು. ಇಫ್ ಪಾಲಿಗೆ ಸೊನ್ನೆಯಲ್ಲದ್ದೆಲ್ಲ 'ಷರತ್ತು ಸುಳ್ಳು'. ಅಂದರೆ 'ಸಮ ಇಲ್ಲ' ಎಂಬುದು ಸುಳ್ಳು, ಅಂದರೆ ಎಲ್ಲ ಸರಿ! ಸ್ಕ್ರಿಪ್ಟ್ ಕೊನೆಗೆ ಜಾರಿ 0 ಕೊಟ್ಟು ಹೊರಬಂತು. ತಪ್ಪು ಸಿಕ್ಕಿದರೆ ನಿಲ್ಲು ಎನ್ನುವ ಸೆಟ್ ಇ ಕೂಡ ಮೇಲಿತ್ತು. ಆದರೆ ಇಫ್ ಷರತ್ತಿನೊಳಗಿನ ಸೋಲನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಐದನೆಯದು ಫೋಲ್ಡರಿನ ಪ್ರತಿ ಮಾದರಿ ಫೈಲಿಗೂ ಸುತ್ತುವ ಲೂಪ್. ಎಸ್‌ಆರ್‌ಸಿಡಿರ್ ಖಾಲಿಯಾಗಿತ್ತು, ಹೀಗಾಗಿ ಒಂದೂ ಫೈಲ್ ಸಿಗಲಿಲ್ಲ, ಒಂದೂ ಸುತ್ತು ಪರೀಕ್ಷೆ ಆಗಲಿಲ್ಲ. ಏನೂ ನೋಡದೆ ಪಾಸು. ಹಂತ 2ರಲ್ಲಿ ಹೇಳಿದ 'ಖಾಲಿಯಿದ್ದರೆ ಕೂಗಲಿ' ಎಂಬ ಸಾಲನ್ನು ಈ ಒಂದು ಸ್ಕ್ರಿಪ್ಟಿಗೆ ಹಾಕಲು ನಾನೇ ಮರೆತಿದ್ದೆ. ಆರನೆಯದು ನಾಚಿಕೆಗೇಡು: ಪ್ರೋಗ್ರಾಮಿನ ಔಟ್‌ಪುಟ್ಟನ್ನು ಪೈಪ್ ಮಾಡಿ ಟೀ ಎಂಬ ಇನ್ನೊಂದು ಕಮಾಂಡಿಗೆ ಕೊಟ್ಟು, ಕೊನೆಗೆ ಟೀಯ ಎಕ್ಸಿಟ್ ಕೋಡನ್ನು ಪರೀಕ್ಷಿಸುತ್ತಿತ್ತು. ಅದು ಹಳೆ ವ್ಯವಸ್ಥೆಯಲ್ಲೂ ಯಾವತ್ತೂ ಏನನ್ನೂ ಪರೀಕ್ಷಿಸಿರಲಿಲ್ಲ. ಬರೆದದ್ದು ನಾನೇ.

ಹಾಗಾಗಿ ನಿಮ್ಮಲ್ಲಿ ಮೊದಲ ಸಲ ಎಲ್ಲ ಹಸಿರಾದ ದಿನವೇ ಈ ಪ್ರಯೋಗ ಮಾಡಿ. ಟ್ರೂ ಇಟ್ಟು ಒಮ್ಮೆ, ಯಾವಾಗಲೂ ಸೋಲುವ ಫಾಲ್ಸ್ ಇಟ್ಟು ಒಮ್ಮೆ. ಫಾಲ್ಸ್ ಇಟ್ಟಾಗ ಶುಡ್ ಫೇಲ್ ಹಾಕಿದವು ಖುಷಿಯಿಂದ ಪಾಸಾಗುತ್ತವೆ. ಅವು ಯಾವ ಕಾರಣಕ್ಕೆ ಸೋತರೂ ಪಾಸು ಅನ್ನುತ್ತವೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಅಂಥವನ್ನು, ಇಂಥ ದೋಷವೇ ಬಂದಿತೇ ಎಂದು ನೋಡುವ ಮಾಮೂಲು ಟೆಸ್ಟ್ ಆಗಿ ಬರೆಯುವುದು ಒಳ್ಳೆಯದು. ಆಮೇಲೆ ನಿಜವಾದ ಪ್ರೋಗ್ರಾಮಿನಲ್ಲಿ ಬೇಕೆಂದೇ ಒಂದೆರಡು ಹುಳುಕು ಮಾಡಿ. ನಾವು ಓಟಿಯ ದಶಮಾಂಶ ಕತ್ತರಿಸಿದೆವು (26.5 ಹೋಗಿ 26), ತೇವಾಂಶದ ಕಡಿತವನ್ನು ಸೊನ್ನೆ ಮಾಡಿದೆವು. ಪ್ರತಿ ಹುಳುಕಿಗೂ ಹಳೆಯದರಲ್ಲಿ ಯಾವ ಟೆಸ್ಟುಗಳು ಕೆಂಪಾಗುತ್ತವೋ ಹೊಸದರಲ್ಲೂ ಅವೇ ಆಗಬೇಕು. ಟೆಸ್ಟ್ ಸಾಗಣೆಯಾಯಿತು ಅಂತ ನಾನು ಒಪ್ಪುವುದು ಅದು ಹೊಸ ಜಾಗದಲ್ಲಿ ಒಮ್ಮೆ ಸರಿಯಾದ ಕಾರಣಕ್ಕೆ ಸೋತದ್ದನ್ನು ಕಂಡ ಮೇಲೆಯೇ.

[[ ಸಮಸ್ಯೆಗೆ ನಾವು ಕಂಡುಕೊಂಡ ದಾರಿ: ಮೆಸಾನ್‌ನಲ್ಲಿ ಫೈಂಡ್ ಪ್ರೋಗ್ರಾಂನಿಂದ ಬ್ಯಾಷ್ ಹುಡುಕಿ, ಟೆಸ್ಟಿನ ಪ್ರೋಗ್ರಾಂ ಬ್ಯಾಷ್, ಅದರ ಆರ್ಗ್ಯುಮೆಂಟ್ ಸ್ಕ್ರಿಪ್ಟ್ ಎಂದು ಬರೆದೆವು. ಸ್ಕ್ರಿಪ್ಟಿಗೆ ಎಕ್ಸಿಕ್ಯೂಟ್ ಅನುಮತಿ ಇದೆಯೋ ಇಲ್ಲವೋ ಎಂಬ ತಲೆನೋವೂ ಇದರಿಂದ ಹೋಯಿತು. ಜೊತೆಗೆ ಶೆಲ್‌ಚೆಕ್ ಓಡಿಸಿ. ಮೊದಲ ಸಾಲಿಗೂ ಒಳಗಿನ ಭಾಷೆಗೂ ಹೊಂದದ ಸ್ಕ್ರಿಪ್ಟುಗಳನ್ನು ಅದು ಹೆಸರಿಟ್ಟು ತೋರಿಸುತ್ತದೆ.

ಹಂತ 6: ಸಮಯ, ನೂಕುನುಗ್ಗಲು, ಮೆಮೊರಿ

ಮೆಸಾನ್‌ನಲ್ಲಿ ಪ್ರತಿ ಟೆಸ್ಟಿಗೆ ಹೇಳದಿದ್ದರೆ 30 ಸೆಕೆಂಡ್ ಗಡುವು. ಆಟೋಮೇಕ್ ಗಡುವೇ ಇಡುವುದಿಲ್ಲ. ನಿಧಾನದ ಟೆಸ್ಟುಗಳಿಗೆ ಒಂದೊಂದಕ್ಕೂ ಬೇರೆ ಟೈಮ್‌ಔಟ್ ಕೊಡಿ. ಎಲ್ಲಕ್ಕೂ ಒಟ್ಟಾಗಿ ಅರ್ಧ ಗಂಟೆ ಕೊಟ್ಟುಬಿಟ್ಟರೆ ಮುಗಿಯದೆ ಸಿಕ್ಕಿಹಾಕಿಕೊಂಡ ಟೆಸ್ಟ್ ಅಷ್ಟು ಹೊತ್ತೂ ಯಂತ್ರವನ್ನು ಹಿಡಿದಿರುತ್ತದೆ.

ಇನ್ನೊಂದು ವ್ಯತ್ಯಾಸ: ಮೇಕ್ ಚೆಕ್‌ಗೆ ಜೆ ಎಂದು ಕೇಳದಿದ್ದರೆ ಟೆಸ್ಟುಗಳು ಒಂದರ ಹಿಂದೆ ಒಂದು. ಮೆಸಾನ್ ಕೇಳದೆಯೇ ಪ್ರೊಸೆಸರಿನ ಕೋರ್‌ಗಳಿಗೆ ತಕ್ಕಷ್ಟನ್ನು ಒಟ್ಟಿಗೆ ಬಿಡುತ್ತದೆ. ಒಂದೇ ಹೆಸರಿನ ಫೈಲಿಗೋ ಒಂದೇ ಪೋರ್ಟಿಗೋ ಕೈಹಾಕುವ ಟೆಸ್ಟುಗಳು ಸಂತೆಯಲ್ಲಿ ಸಿಕ್ಕಿಕೊಂಡವರಂತೆ ಒಬ್ಬರ ಕಾಲು ಒಬ್ಬರು ತುಳಿಯುತ್ತವೆ. ಈಸ್ ಪ್ಯಾರಲಲ್ ಫಾಲ್ಸ್ ಹಾಕಿದರೆ ಆ ಟೆಸ್ಟ್ ಒಂಟಿಯಾಗಿ ಓಡುತ್ತದೆ. ಅದು ತೇಪೆ. ಹಂತ 2ರ ತಾತ್ಕಾಲಿಕ ಫೋಲ್ಡರ್ ನಿಜವಾದ ಹೊಲಿಗೆ. ಇದಾದ ಮೇಲೆ ಎಲ್ಲ ಟೆಸ್ಟುಗಳೂ ಮತ್ತೆ ಮತ್ತೆ ಓಡುವಂತೆ ರಿಪೀಟ್ ಆಯ್ಕೆಗೆ 20 ಕೊಟ್ಟು ಒಂದು ರಾತ್ರಿ ಬಿಡಿ. ಮಳೆಗಾಲವಾದರೆ ಯುಪಿಎಸ್ ನೋಡಿಕೊಂಡು ಬಿಡಿ.

ಸಿ ಪ್ರೋಗ್ರಾಮಿನವರಿಗೆ ಮಾತ್ರ ಇನ್ನೊಂದು ಮಾತು. ಮೆಸಾನ್ ಟೆಸ್ಟ್ ಓಡಿಸುವಾಗ ಮ್ಯಾಲಾಕ್ ಪರ್ಟರ್ಬ್ ಎಂಬ ವೇರಿಯಬಲ್‌ಗೆ 1ರಿಂದ 255ರೊಳಗಿನ ಯಾವುದೋ ಸಂಖ್ಯೆ ಹಾಕುತ್ತದೆ. ಆಗ ಲಿನಕ್ಸಿನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಹೊಸದಾಗಿ ಕೊಡುವ ಮೆಮೊರಿಗೆ ಕಸ ತುಂಬಿಸಿ ಕೊಡುತ್ತದೆ. ಸೊನ್ನೆ ಇರುತ್ತದೆ ಎಂದು ನಂಬಿ ಓದುವ ಕೋಡ್ ಅಲ್ಲೇ ಮುಗ್ಗರಿಸುತ್ತದೆ. ನಮ್ಮಲ್ಲಿ ತೇವಾಂಶ ತುಂಬದ ಚೀಟಿಗೆ ಹೀಗೆಯೇ ಎಂತೆಂಥದೋ ಅಂಕಿ ಬಂತು. "ಹೊಸ ವ್ಯವಸ್ಥೆ ಸರಿಯಿಲ್ಲ" ಎಂದು ಎರಡು ದಿನ ಬೈದೆವು. ತಪ್ಪು ನಮ್ಮ ಕೋಡಿನಲ್ಲಿ ಎಷ್ಟು ಸುಗ್ಗಿಯಿಂದ ಕೂತಿತ್ತೋ. ಸೋತ ಟೆಸ್ಟಿನ ಲಾಗಿನಲ್ಲಿ ಆ ಸಂಖ್ಯೆ ಇರುತ್ತದೆ; ಅದನ್ನೇ ಮತ್ತೆ ಕೊಟ್ಟು ಓಡಿಸಿದರೆ ದೋಷ ಕೈಗೆ ಸಿಗುವುದು ಸುಲಭ.

ಹಂತ 7: ಎರಡನ್ನೂ ಒಟ್ಟಿಗೆ ಓಡಿಸಿ, ಆಮೇಲೆ ಹಳೆಯದನ್ನು ಕೀಳಿ

ಮೆಸಾನ್-ಲಾಗ್ಸ್ ಫೋಲ್ಡರಿನಲ್ಲಿ ಟೆಸ್ಟ್‌ಲಾಗ್ ಜೇಸನ್ ರೂಪದಲ್ಲೂ ಸಿಗುತ್ತದೆ, ಸಾಲಿಗೊಂದು ಟೆಸ್ಟ್. ಅದರಿಂದ ಹೆಸರು, ಫಲಿತಾಂಶ ತೆಗೆದು ಹಂತ 1ರ ಪಟ್ಟಿಯೊಂದಿಗೆ ಡಿಫ್ ಮಾಡುವ ಚಿಕ್ಕ ಸ್ಕ್ರಿಪ್ಟ್ ಬರೆದು, ಪ್ರತಿ ಕಮಿಟ್‌ಗೂ ಓಡಿಸಿ. ಒಟ್ಟು ಸಂಖ್ಯೆ ಸರಿಹೋದರೆ ಸಾಲದು, ಹೆಸರು ಹೆಸರಿಗೆ ತಾಳೆಯಾಗಬೇಕು. ಸ್ಕಿಪ್ ಆದವು ಎರಡೂ ಕಡೆ ಅವೇ ಇವೆಯೇ ಎಂಬುದನ್ನೂ ನೋಡಿ.

ಹಳೆಯದನ್ನು ಕೀಳುವ ದಿನವನ್ನು ಮೊದಲೇ ಗೊತ್ತುಮಾಡಿ. ದಿನ ಗೊತ್ತುಮಾಡದಿದ್ದರೆ ಎರಡೂ ಕಡೆ ಟೆಸ್ಟ್ ಸೇರಿಸುವ ಕೂಲಿ ವರ್ಷಗಟ್ಟಲೆ ಮುಂದುವರಿಯುತ್ತದೆ. ನಾವು ಒಂದು ಕೊಯ್ಲು ದಾಟಲಿ ಅಂದುಕೊಂಡೆವು. ಏಪ್ರಿಲ್‌ನಲ್ಲಿ, ಕಾಫಿ ಹೂಮಳೆ ಬಿದ್ದ ವಾರ, ಆಟೋಮೇಕ್ ಓದುವ ಮೇಕ್‌ಫೈಲ್.ಎಎಂಗಳನ್ನೆಲ್ಲ ಒಂದೇ ಕಮಿಟ್‌ನಲ್ಲಿ ತೆಗೆದೆವು. ಪಟ್ಟಿಯಿಂದ ಹೊರಗಿದ್ದ ಆ ಮೂರು ಸ್ಕ್ರಿಪ್ಟುಗಳ ಸರದಿ ಬಂದದ್ದೂ ಆಗಲೇ. ಎರಡು ಬದುಕಿದವು, ಒಂದನ್ನು ಅಳಿಸಿದೆವು.

ಉಳಿದದ್ದು ಬೆರಳುಗಳ ಅಭ್ಯಾಸ. ಹತ್ತು ವರ್ಷ ಮೇಕ್ ಚೆಕ್ ಎಂದು ಬಡಿದ ಕೈಗೆ ಮೆಸಾನ್ ಟೆಸ್ಟ್ ಬರುವುದಿಲ್ಲ. ಅದಕ್ಕಾಗಿ ಸೋರ್ಸಿನ ತಲೆಯಲ್ಲಿ ಎರಡೇ ಸಾಲಿನ ಒಂದು ಮೇಕ್‌ಫೈಲ್ ಉಳಿಸಿದ್ದೇವೆ: ಚೆಕ್ ಎಂಬ ಟಾರ್ಗೆಟ್, ಅದರ ಕೆಳಗೆ ಮೆಸಾನ್ ಟೆಸ್ಟ್. ಎರಡನೇ ಸಾಲಿನ ಮೊದಲಿಗೆ ಟ್ಯಾಬ್ ಒತ್ತಿ, ಸ್ಪೇಸ್ ಅಲ್ಲ.